ಮಿಲ್ಟ್ರಿ ದುಂಡಪ್ಪ ಚುನಾವಣೆಗೆ ನಿಂತದ್ದು

ಬನ್ನಿಕಟ್ಟಿಯ ದುಂಡಪ್ಪ ಬಾಗಿಯ ಎಡಗಾಲು ಹೋದದ್ದು ಶತ್ರುವಿನ ಗುಂಡಿಗಲ್ಲ. ಪೂಂಛ್ ಕಡೆಯ ಒಂದು ಇಳಿಜಾರಿನಲ್ಲಿ, ಹಿಮ ಕರಗುವ ದಿನಗಳಲ್ಲಿ, ಬೆಳಗಿನ ಗಸ್ತು ಮುಗಿಸಿ ಬಿಸಿ ಚಹಾದ ಆಸೆಗೆ ಸರಸರ ಇಳಿದು ಬರುವಾಗ ಹೋಯಿತು. ಯಾವ ಕಾಲದಲ್ಲೋ ನಮ್ಮ ಸೈನ್ಯದವರೇ ನೆಲದಲ್ಲಿ ಹೂತಿದ್ದ ಸಿಡಿಮದ್ದಿನ ಮೈನು ಹಿಮದ ನೀರಿಗೆ ಮಣ್ಣಿನ ಜೊತೆ ಜಾರಿ ಬಂದು ಕಾಲುದಾರಿಯಲ್ಲಿ ಕೂತಿತ್ತು. ಅಂದು ಅಲ್ಲಿ ವೈರಿ ಇರಲಿಲ್ಲ, ಗುಂಡಿನ ಸದ್ದೂ ಇರಲಿಲ್ಲ. ಹವಾಲ್ದಾರ ದುಂಡಪ್ಪ ಸಾಲಿನಲ್ಲಿ ಮುಂದಿದ್ದ, ಅಷ್ಟೇ. ಹಿಂದಿನವನು ಮುಂದಿದ್ದರೆ ಅವನ ಕಾಲು ಹೋಗುತ್ತಿತ್ತು.

ಮೊಣಕಾಲಿನ ಕೆಳಗೆ ಕತ್ತರಿಸಿದರು. ಪುಣೆಯಲ್ಲಿ ಹೊಸ ಕಾಲು ಕಟ್ಟಿ ಅದರ ಮೇಲೆ ನಡೆಯುವುದನ್ನು ಕಲಿಸಿದರು. ಹೆಂಡತಿ ದಾಕ್ಷಾಯಿಣಿ ದಡ್ಡಿಯ ತವರಿನಿಂದ ಹೊರಟು ಪುಣೆಗೆ ಹೋಗಿ, ಆಸ್ಪತ್ರೆಯಲ್ಲಿ ಅವನು ಕಂಬಿ ಹಿಡಿದು ಹೆಜ್ಜೆಯಿಡುವುದನ್ನು ನೋಡುತ್ತ ನಿಂತಳು. ಅಳಲಿಲ್ಲ. "ಕೂಸಿನಂಗ ನಡಿಯಾಕತ್ತೀರಿ," ಎಂದಳು. ಅವನು ನಕ್ಕ. ಕಾಲು ಹೋದ ಮೇಲೆ ಅದೇ ಮೊದಲ ನಗು.

ಸೈನ್ಯ ಬಿಟ್ಟು ಊರಿಗೆ ಬಂದ ದಿನ ಗೋಕಾಕ ಬಸ್ ಸ್ಟ್ಯಾಂಡಿನಲ್ಲಿ ತೆರೆದ ಜೀಪು ಕಾಯುತ್ತಿತ್ತು. ಕಳಿಸಿದವರು ಅಣ್ಣಪ್ಪ ಸಾಹುಕಾರರು. ಬನ್ನಿಕಟ್ಟಿಯಲ್ಲಿ ಸೊಸೈಟಿ ಅವರದು, ಕಬ್ಬು ಕಡಿಯುವ ಗ್ಯಾಂಗು ಅವರದು, ಪಂಚಾಯಿತಿಯಲ್ಲಿ ಯಾರು ಕೂರಬೇಕೆಂಬುದೂ ಅವರ ಮನೆಯ ಕಟ್ಟೆಯ ಮೇಲೇ ತೀರ್ಮಾನವಾಗುವ ಮಾತು. ಜೀಪಿನ ಮುಂದೆ ದೊಡ್ಡ ಬ್ಯಾನರು. ಅದರಲ್ಲಿ ದುಂಡಪ್ಪನ ಫೋಟೋ, ಹಿಂದೆ ಧಗಧಗ ಉರಿಯುವ ಬೆಂಕಿ, ಕೆಳಗೆ 'ವೈರಿಗಳ ಗುಂಡಿಗೆ ಎದೆಯೊಡ್ಡಿದ ವೀರಯೋಧ' ಎಂಬ ಅಕ್ಷರ.

ಜೀಪು ಊರ ಹಾದಿ ಹಿಡಿದಾಗ ದುಂಡಪ್ಪ ಸಾಹುಕಾರರ ಕಿವಿಯ ಹತ್ತಿರ ಬಾಗಿದ. "ಕಾಕಾರ, ಬ್ಯಾನರ್ ತಪ್ಪೈತ್ರಿ. ಗುಂಡೂ ಇಲ್ಲ, ವೈರಿನೂ ಇಲ್ಲ. ನಮ್ಮವರು ಹುಗದಿಟ್ಟ ಮೈನ್ ಮ್ಯಾಲೆ ಕಾಲ ಇಟ್ಟೇನಿ."

ಸಾಹುಕಾರರು ಅವನ ಹೆಗಲ ಮೇಲೆ ಕೈ ಹಾಕಿದರು. "ಕಾಲ ಹೋಗಿದ್ದು ಖರೆ ಹೌದಲ್ಲೋ? ಅಷ್ಟ ಸಾಕು. ಊರಿಗೆ ಒಬ್ಬ ಹುಲಿ ಬೇಕಾಗೈತಿ. ನೀ ಸುಮ್ಮನ ಕುಂದರು."

ದುಂಡಪ್ಪ ಸುಮ್ಮನೆ ಕೂತ. ಹಲಗೆಯ ವಾದ್ಯ ಬಡಿಯುತ್ತಿದ್ದರು, ಭಂಡಾರದ ಅರಿಸಿನ ಹಾರುತ್ತಿತ್ತು, ಹೆಂಗಸರು ಬಾಗಿಲಿಗೆ ಬಂದು ಆರತಿ ಎತ್ತುತ್ತಿದ್ದರು. ಅಷ್ಟು ಜನರ ಎದುರು ಜೀಪಿನಿಂದಿಳಿದು ಇದೆಲ್ಲ ಸುಳ್ಳು ಎಂದು ಹೇಳುವುದು ಎಲ್ಲಿಂದ ಶುರುಮಾಡಬೇಕೆಂದು ತಿಳಿಯಲಿಲ್ಲ. ಆಮೇಲೆ ಪ್ರತಿ ವರ್ಷ ಆಗಸ್ಟ್ ಹದಿನೈದಕ್ಕೆ ಸಾಲೆಯ ಧ್ವಜದ ಕಟ್ಟೆಯ ಬಳಿ ಕುರ್ಚಿ ಹಾಕಿ ಅವನನ್ನು ಕೂರಿಸುವರು, ಸಾಹುಕಾರರು ಮೈಕು ಹಿಡಿದು ಕತೆ ಹೇಳುವರು. ಮೊದಲ ವರ್ಷ ಒಬ್ಬ ವೈರಿ ಇದ್ದವನು ಬರಬರುತ್ತ ಮೂವರಾದ, ಮೂವರಿದ್ದವರು ಒಂದು ಬಂಕರೇ ಆದರು. ದುಂಡಪ್ಪ ತನ್ನ ಬೂಟಿನ ತುದಿ ನೋಡುತ್ತ ಕೂರುತ್ತಿದ್ದ. ಒಮ್ಮೆ ಹೆಡ್ ಮಾಸ್ತರರಿಗೆ ನಿಜ ಹೇಳಿದ. ಅವರು ಕೈಮುಗಿದು, "ಮಾಡಿದ್ದನ್ನೂ ಮಾಡಿಲ್ಲ ಅಂತೀರಿ, ಎಷ್ಟ ದೊಡ್ಡ ಮನಸ್ರಿ ನಿಮ್ಮದು," ಎಂದು ಹೋಗಿಬಿಟ್ಟರು.

ಹೀಗೆ ಇರುತ್ತಿರುವಾಗ ಹೊಳೆ ಬಂತು.

ಆ ಶ್ರಾವಣದ ಮಳೆ ಘಟ್ಟದ ಮೇಲೆ ಬಿಡದೆ ಹೊಡೆಯುತ್ತಿತ್ತು. ದಾಕ್ಷಾಯಿಣಿಯ ತಮ್ಮ ವಿಠ್ಠಲ ಹಿಡಕಲ್ ಡ್ಯಾಮಿನಲ್ಲಿ ಕೆಲಸಕ್ಕಿದ್ದ. ಮಧ್ಯಾಹ್ನ ಅವನ ಫೋನು ಬಂತು. "ಮಾವಾರ, ಗೇಟ್ ಎತ್ತಾಕತ್ತಾರ. ಇಷ್ಟ ನೀರು ನಾ ಎಂದೂ ನೋಡಿಲ್ರಿ. ತಗ್ಗಿನ ಮನಿಯವರನ್ನ ಎಬ್ಬಿಸ್ರಿ."

ತಗ್ಗಿನ ಮನೆಗಳೆಂದರೆ ಹೊಳಿ ಓಣಿ. ಕಬ್ಬು ಕಡಿಯುವವರು, ತುಕ್ಕಾನಟ್ಟಿಯ ತೋಟಗಳಿಗೆ ಕಾಯಿಪಲ್ಲೆ ಹರಿಯಲು ಹೋಗುವವರು, ಮಣ್ಣಿನ ಗೋಡೆಯ ಮನೆಗಳು. ಸಾಹುಕಾರರ ಕಡೆಯವರು ಗಾಬರಿ ಬೇಡ, ಹೊಳಿ ಪ್ರತಿ ವರ್ಷ ಬರುತ್ತದೆ ಎಂದು ಹೇಳಿ ಹೋಗಿದ್ದರು. ದುಂಡಪ್ಪ ಕೆಸರಿನಲ್ಲಿ ಕಟ್ಟಿದ ಕಾಲು ಎಳೆದುಕೊಂಡು ಬಾಗಿಲು ಬಾಗಿಲು ಬಡಿದ. ಬಾರದವರನ್ನು ಬೈದ. ಅವನ ಬೈಗುಳದಲ್ಲಿ ಹವಾಲ್ದಾರನ ಗಂಟಲಿತ್ತು, ಜನ ಎದ್ದರು. ಮುದುಕಿ ಕೆಂಚವ್ವ ಕುರಿ ಬಿಟ್ಟು ಬರುವುದಿಲ್ಲವೆಂದು ಹಟ ಹಿಡಿದಾಗ ಕುರಿಯ ಹಗ್ಗ ತಾನೇ ಹಿಡಿದು ಸಾಲೆಯತ್ತ ನಡೆದ. ಸಂಜೆಯ ಹೊತ್ತಿಗೆ ಹೊಳಿ ಓಣಿ ಇದ್ದ ಜಾಗದಲ್ಲಿ ಕೆಂಪು ನೀರು ಸುತ್ತುತ್ತಿತ್ತು. ಗೋಡೆಗಳು ಒಂದೊಂದಾಗಿ ಧಪ್ಪೆಂದು ಕುಸಿಯುವುದು ಸಾಲೆಯ ಮೆಟ್ಟಿಲಿಗೇ ಕೇಳುತ್ತಿತ್ತು. ಮನೆ ಹೋದವು, ಜೀವ ಒಂದೂ ಹೋಗಲಿಲ್ಲ.

ನೀರು ಇಳಿದ ಮೇಲೆ ಅಧಿಕಾರಿಗಳು ಬಂದರು, ಫೋಟೋ ಹೊಡೆದರು. ಬಿದ್ದ ಮನೆಗೆ ಸರಕಾರ ಹೊಸ ಮನೆ ಕೊಡುತ್ತದೆ ಎಂದರು. ಕೊಟ್ಟಿತು ಕೂಡ. ಸಾಹುಕಾರರ ದನದ ಕೊಟ್ಟಿಗೆ ಪೂರ್ತಿ ಬಿದ್ದ ಮನೆಯಾಯಿತು. ಅವರ ಬೀಗರ ಹಳೆಯ ಗೋದಾಮು ಪೂರ್ತಿ ಬಿದ್ದ ಮನೆಯಾಯಿತು. ಹೊಳಿ ಓಣಿಯ ನೆಲಸಮವಾದ ಮನೆಗಳು ಮಾತ್ರ ಕಾಗದದಲ್ಲಿ 'ಗೋಡೆ ಬಿರುಕು' ಎಂದಾದವು. ಜನ ಊರಾಚೆಯ ಗಾಯರಾಣದಲ್ಲಿ, ದನ ಮೇಯುವ ಸರಕಾರಿ ಬಯಲಿನಲ್ಲಿ, ತಗಡಿನ ಶೆಡ್ಡು ಹಾಕಿಕೊಂಡರು. ಬೇಸಿಗೆಯಲ್ಲಿ ಆ ತಗಡು ರೊಟ್ಟಿಯ ಹೆಂಚಿನಂತೆ ಕಾಯುತ್ತಿತ್ತು.

ದುಂಡಪ್ಪ ಮೂಡಲಗಿಯ ತಾಲೂಕು ಕಚೇರಿಗೆ ಎಡತಾಕಿದ. ಮಾಜಿ ಸೈನಿಕನೆಂದು ಕುರ್ಚಿ ಕೊಡುತ್ತಿದ್ದರು, ಚಹಾ ತರಿಸುತ್ತಿದ್ದರು, ಕೊನೆಗೆ "ಪಂಚಾಯತಿಯಿಂದ ಬರಬೇಕ್ರಿ" ಎನ್ನುತ್ತಿದ್ದರು. ಪಂಚಾಯಿತಿಗೆ ಹೋದರೆ "ಸಾಹುಕಾರ್ರನ್ನ ಕೇಳ್ರಿ" ಎನ್ನುತ್ತಿದ್ದರು. ಸಾಹುಕಾರರು, "ಮಾಡೂಣು, ಮಾಡೂಣು," ಎನ್ನುತ್ತಿದ್ದರು. ಹಾಗೆಯೇ ಪಂಚಾಯಿತಿ ಚುನಾವಣೆ ಬಂತು.

ಒಂದು ಬೆಳಿಗ್ಗೆ ಕೆಂಚವ್ವ ಶೆಡ್ಡಿನವರನ್ನು ಕಟ್ಟಿಕೊಂಡು ದುಂಡಪ್ಪನ ಅಂಗಳಕ್ಕೆ ಬಂದಳು. "ತಮ್ಮಾ, ನೀ ನಿಂದ್ರು," ಎಂದಳು.

"ನಾನಾ? ಆಯಿ, ರಾಜಕೀಯ ನನಗ ಬರೂದಿಲ್ಲ."

"ನಮ್ಮ ಪೈಕಿ ಯಾರರ ನಿಂತ್ರ ಮರುದಿನದಿಂದ ಕಬ್ಬಿನ ಕೆಲಸ ಬಂದ್. ನಿನಗೇನ ಮಾಡ್ತಾರ? ನಿನಗ ಪೆನ್ಶನ್ ಬರತೈತಿ. ನಿನ್ನ ಹೊಟ್ಟಿ ಅವರ ಕೈಯಾಗಿಲ್ಲ."

ಅವನು ದಾಕ್ಷಾಯಿಣಿಯ ಮುಖ ನೋಡಿದ. ಅವಳು ಕಾಳು ಹಸನುಮಾಡುವುದನ್ನು ನಿಲ್ಲಿಸದೆ, "ನಿಂದ್ರೂದಾದ್ರ ಪೂರ್ತಿ ನಿಂದರ್ರಿ. ಅರ್ಧಕ್ಕ ಕುಂದ್ರೂದಾದ್ರ ಈಗಽ ಬ್ಯಾಡನ್ನರಿ," ಎಂದಳು.

ಅವನು ಅರ್ಜಿ ತುಂಬಿದ. ಎದುರಿಗೆ ನಿಂತವನು ಸಾಹುಕಾರರ ತಮ್ಮನ ಮಗ ವಿಶಾಲ. ಬಿಳಿ ಅಂಗಿ, ಕಪ್ಪು ಕನ್ನಡಕ, ಸಿಕ್ಕವರ ಹೆಗಲ ಮೇಲೆಲ್ಲ ಕೈ. ಅರ್ಜಿ ಹಿಂದೆ ತೆಗೆದುಕೊಳ್ಳುವ ಗಡುವು ಮುಗಿಯುವ ಮೊದಲು ಸಾಹುಕಾರರೇ ದುಂಡಪ್ಪನ ಮನೆಗೆ ಬಂದರು. ಅವರು ಹಾಗೆ ಯಾರ ಮನೆಗೂ ಬರುವವರಲ್ಲ.

"ನೀ ಊರಿನ ಮಾನ, ದುಂಡಪ್ಪಾ. ನಿನ್ನ ಹಿಂಗ ಓಣಿ ಓಣಿ ತಿರುಗಸೂದು ನನಗ ಸರಿ ಅನಸವಲ್ತು. ವಿಶಾಲ ಸಣ್ಣಾವ, ತಿರುಗಾಡಲಿ. ನೀ ಕುರ್ಚಿ ಮ್ಯಾಲೆ ಕುಂತಿರು."

"ಕುರ್ಚಿ ಮ್ಯಾಲೆ ಕುಂತು ಸಾಕಾಗೈತ್ರಿ ಕಾಕಾರ. ಹೊಳಿ ಓಣಿಯವರಿಗೆ ಮನಿ ಕೊಡಸ್ರಿ, ಇವತ್ತಽ ಅರ್ಜಿ ತಕ್ಕೋತೇನಿ."

ಸಾಹುಕಾರರು ಚಹಾದ ಕಪ್ಪು ಕೆಳಗಿಟ್ಟರು. ಪೂರ್ತಿ ಕುಡಿದಿರಲಿಲ್ಲ. "ಆತು. ನಿಂದ್ರು. ಹುಲಿ ಬೋನಿನಾಗ ಇದ್ರ ಚಂದ, ಬಜಾರದಾಗ ಬಂದ್ರ ಮಂದಿ ಕಲ್ಲ ಒಗೀತಾರ," ಎಂದು ಎದ್ದುಹೋದರು.

ದುಂಡಪ್ಪನಿಗೆ ಸಿಕ್ಕ ಗುರುತು ಹೊಲಿಗೆ ಯಂತ್ರ. ಅದಕ್ಕೆ ಜನ ನಕ್ಕರು, ಅವನೂ ನಕ್ಕ. ಬೆಳಗಾಗೆದ್ದು ಮನೆಮನೆಗೆ ಹೋಗುತ್ತಿದ್ದ. ಜೊತೆಗೆ ಶೆಡ್ಡಿನ ನಾಲ್ಕು ಹೆಂಗಸರು, ದಾಕ್ಷಾಯಿಣಿ, ಹಳೆಯ ಗೆಳೆಯ ರಾಜಪ್ಪ. ರಾಜಪ್ಪ ಪಡಸಾಲೆಯಲ್ಲಿ ಯೂನಿಫಾರ್ಮು ಹುಡುಕಿ ತೆಗೆದು, "ಇದನ್ನ ಹಾಕ್ಕೋರಿ. ಪ್ಯಾಂಟ ಒಂದೀಟ ಮ್ಯಾಲೆ ಮಡಚ್ರಿ, ಕಾಲ ಕಾಣಲಿ. ಮಾತಽ ಬ್ಯಾಡ, ಓಟ ತಾನಽ ಬೀಳತಾವು," ಎಂದ. ದುಂಡಪ್ಪ ಯೂನಿಫಾರ್ಮನ್ನು ಮಡಚಿ ಟ್ರಂಕಿಗೆ ಹಾಕಿದ. "ಕಾಲ ಮಾರಾಕ ಬಂದಿಲ್ಲೋ ನಾ," ಎಂದ.

ಮೊದಲ ದಿನಗಳು ಚೆನ್ನಾಗಿದ್ದವು. ಜನ ನೀರು ಕೊಡುತ್ತಿದ್ದರು, ಹೊಳೆ ಬಂದ ದಿನದ ಮಾತು ತೆಗೆಯುತ್ತಿದ್ದರು. ಸಾಹುಕಾರರ ಓಣಿಯಲ್ಲಿಯೂ ಒಬ್ಬಿಬ್ಬರು ಮೆಲ್ಲಗೆ, "ನಮ್ಮದು ನಿಮಗಽರಿ," ಎಂದರು. ಗೆಲ್ಲಬಹುದು ಎಂದು ಅವನಿಗೆ ಅನ್ನಿಸತೊಡಗಿತು. ಹಾಗೆ ಅನ್ನಿಸಿದ್ದನ್ನು ದಾಕ್ಷಾಯಿಣಿಗೂ ಹೇಳಲಿಲ್ಲ.

ಆಮೇಲೆ ಊರ ಮೊಬೈಲುಗಳಲ್ಲೆಲ್ಲ ಒಂದು ಧ್ವನಿ ಓಡಾಡಿತು. ವಿಶಾಲನ ಧ್ವನಿ. ಮುಚ್ಚುಮರೆ ಏನಿರಲಿಲ್ಲ. "ಮಿಲ್ಟ್ರಿ ದುಂಡಪ್ಪ ಯಾವ ವೈರಿಗೂ ಎದುರಾದಾಂವ ಅಲ್ಲ. ನಮ್ಮ ದೇಶದ ಮೈನ್ ತಾನಽ ತುಳದು ಕಾಲ ಕಳಕೊಂಡಾನ. ಕಾಲಾಗ ನೋಡಿ ನಡಿಯಾಕ ಬರಲಾರದಾಂವ ನಿಮ್ಮ ವಾರ್ಡ್ ಏನ ನೋಡ್ತಾನ? ಇಷ್ಟ ವರ್ಷ ಧ್ವಜದ ಬಾಜೂ ಕುಂತು ಊರಿಗೆ ಮೋಸ ಮಾಡ್ಯಾನ. ಇಲ್ಲಂತ ಅವನ ಬಾಯಿಂದ ಹೇಳಸ್ರಿ."

ದುಂಡಪ್ಪ ಆ ನಿಜವನ್ನು ಜೀಪಿನಲ್ಲಿ ಯಾರ ಕಿವಿಯಲ್ಲಿ ಹೇಳಿದ್ದನೋ ಅವರೇ ಅದನ್ನು ಇಷ್ಟು ವರ್ಷ ಜತನ ಮಾಡಿ ಇಟ್ಟಿದ್ದರು.

ಸಂತೆಯ ದಿನ ಬಸವಣ್ಣನ ಗುಡಿಯ ಕಟ್ಟೆಯ ಮೇಲೆ ನಿಂತು ಅವನು ಎಲ್ಲವನ್ನೂ ಹೇಳಿದ. ಹಿಮದ ನೀರು, ಜಾರಿಬಂದ ಮೈನು, ಚಹಾದ ಆಸೆ. ಬ್ಯಾನರು ಬೇಡವೆಂದು ಸಾಹುಕಾರರಿಗೆ ಹೇಳಿದ್ದು. "ನಾ ಎಂದೂ ನಿಮ್ಮ ಮುಂದ ವೈರಿ ಕತಿ ಹೇಳಿಲ್ಲ. ನೆನಪ ಮಾಡ್ಕೋರಿ," ಎಂದ.

ಜನ ಕೇಳಿದರು. ಕೇಳಿ, ಅವನ ಕಾಲಿನತ್ತ ನೋಡಿದರು, ಖೊಟ್ಟಿ ನೋಟು ಕೈಗೆ ಬಂದವರು ನೋಟನ್ನು ತಿರುಗಿಸಿ ನೋಡುವಂತೆ. ಕಾಯಿಪಲ್ಲೆಯ ಬುಟ್ಟಿ ಹೊತ್ತ ಒಬ್ಬ, "ಹಂಗಾದ್ರ ಮೂರ ಮಂದಿನ ಹೊಡದಿದ್ದು ಸುಳ್ಳೇನ್ರಿ?" ಎಂದು ಕೇಳಿದ. ಸುಳ್ಳು ಎಂದ ದುಂಡಪ್ಪ. "ನಮ್ಮ ಹುಡುಗ ನಿಮ್ಮ ಮ್ಯಾಲೆ ಸಾಲ್ಯಾಗ ಪ್ರಬಂಧ ಬರದಿದ್ದ್ರಿ," ಎಂದು ಅವನು ಬುಟ್ಟಿ ಸರಿಮಾಡಿಕೊಂಡು ಹೋದ. ಯಾರೂ ಸಾಹುಕಾರರ ಹೆಸರೆತ್ತಲಿಲ್ಲ. ಕತೆ ಕಟ್ಟಿದವನ ಮೇಲೆ ಬಾರದ ಸಿಟ್ಟು ಕತೆಯೊಳಗಿದ್ದವನ ಮೇಲೆ ಬಂದಿತ್ತು.

ಮನೆಗೆ ಬಂದವನು, "ನಾ ಸುಳ್ಳ ಹೇಳಿಲ್ಲ ದಾಕ್ಷಿ," ಎಂದ.

"ನೀವು ಹೇಳಿಲ್ಲ. ಅವರು ಹೇಳೂಮುಂದ ಬಾಜೂಕ ಕುಂತಿದ್ರಿ," ಎಂದಳು ಅವಳು. ಬೈಯುವ ದನಿಯಲ್ಲಿ ಅಲ್ಲ. ಅದಕ್ಕೇ ಅವನಿಗೆ ಹೆಚ್ಚು ನಾಟಿತು.

ಓಡಾಟದಿಂದ ಕಾಲಿನ ಮೊಂಡು ಬೊಬ್ಬೆಯೆದ್ದು ಒಡೆದಿತ್ತು. ಕಾಲುಚೀಲಕ್ಕೆ ರಕ್ತ ಅಂಟುತ್ತಿತ್ತು. ಗೋಕಾಕದ ಡಾಕ್ಟರು ಗಾಯ ಮಾಯುವವರೆಗೆ ಕಟ್ಟುಗಾಲು ಹಾಕಲೇಬಾರದು ಎಂದರು. ಪ್ರಚಾರ ಮುಗಿಯಲು ಇನ್ನೂ ದಿನಗಳಿದ್ದವು. ಹಾಗಾಗಿ ದುಂಡಪ್ಪ ಕಂಕುಳಿಗೆ ಊರುಗೋಲು ಕೊಟ್ಟು, ಪ್ಯಾಂಟಿನ ಖಾಲಿ ಕಾಲನ್ನು ಮೇಲೆ ಮಡಚಿ ಪಿನ್ನು ಹಾಕಿ ಹೊರಟ. ಊರು ಅವನನ್ನು ಹಾಗೆ ನೋಡಿದ್ದು ಅದೇ ಮೊದಲು. ಒಂದು ಮನೆಯ ಮುಂದೆ ಅವನು ಮಾತು ಮುಗಿಸಿ ತಿರುಗುವಷ್ಟರಲ್ಲಿ ಒಳಗಿನಿಂದ ಗಂಡಸಿನ ದನಿ ಕೇಳಿತು: "ಕತಿ ಮುಗೀತು, ಈಗ ಕಾಲ ತೋರ್ಸಾಕ ಬಂದಾನ."

ರಾಜಪ್ಪ ಜಗಳಕ್ಕೆ ಒಳನುಗ್ಗಲು ಹೋದ. ದುಂಡಪ್ಪ ಊರುಗೋಲು ಅಡ್ಡ ಹಿಡಿದ. "ನಡಿ. ಮುಂದಿನ ಮನಿ," ಎಂದ. ಮುಂದಿನ ಮನೆಯಲ್ಲಿ ತಾನು ಏನು ಹೇಳಿದೆನೆಂಬುದು ಅವನಿಗೆ ಆಮೇಲೆ ನೆನಪೇ ಇರಲಿಲ್ಲ.

ಇನ್ನೇನಿದ್ದರೂ ಶೆಡ್ಡಿನ ಮತಗಳಾದರೂ ತನ್ನವೆಂದು ಅವನು ನಂಬಿದ್ದ. ಮತದಾನದ ಹಿಂದಿನ ಮಧ್ಯಾಹ್ನ ಗಾಯರಾಣಕ್ಕೆ ಟ್ರ್ಯಾಕ್ಟರು ಬಂತು. ಇಟ್ಟಿಗೆ, ಉಸುಕು, ಒಂದು ಚೀಲ ಸುಣ್ಣದ ಪುಡಿ. ವಿಶಾಲ ಅಂಗಿಯ ತೋಳು ಮೇಲಕ್ಕೇರಿಸಿ ಹಗ್ಗ ಹಿಡಿದು ನಿಂತಿದ್ದ. ಇಬ್ಬರು ಹಗ್ಗದ ಗುಂಟ ಮನೆಯ ಪಾಯದ ಬಿಳಿ ಗೆರೆ ಎಳೆಯುತ್ತಿದ್ದರು. ಒಂದೊಂದು ಚೌಕಕ್ಕೆ ಒಂದೊಂದು ಹೆಸರು ಕೂಗುತ್ತಿದ್ದರು. ದುಂಡಪ್ಪ ದೂರದ ಜಾಲಿಯ ಗಿಡದ ಬಳಿ ಊರುಗೋಲಿಗೆ ಭಾರ ಬಿಟ್ಟು ನಿಂತು ನೋಡಿದ. ತನ್ನ ಚೌಕದೊಳಗೆ ನಿಂತ ಕೆಂಚವ್ವ ಸೊಸೆಗೆ ಕೈ ಮಾಡಿ ತೋರಿಸುತ್ತಿದ್ದಳು: ಇಲ್ಲಿ ಒಲಿ, ಇಲ್ಲಿ ದೇವರ ಜಗಲಿ. ಮುದುಕಿ ಅವನನ್ನು ಕಂಡಳು. ಕೈ ಕೆಳಗಿಳಿಸಿದಳು. ಗೆರೆ ದಾಟಿ ಬರಲಿಲ್ಲ.

ಮೂಡಲಗಿಯ ಕಾಲೇಜಿನಲ್ಲಿ ಎಣಿಕೆ ನಡೆಯಿತು. ಟೇಬಲ್ಲಿನ ಮೇಲೆ ವಿಶಾಲನ ಮತಪತ್ರಗಳ ಕಟ್ಟುಗಳು ಏರುತ್ತ ಹೋದವು. ದುಂಡಪ್ಪನವು ಒಂದು ರಬ್ಬರ್ ಬ್ಯಾಂಡಿಗೂ ಸಾಲಲಿಲ್ಲ. ಶೆಡ್ಡುಗಳ ಮತ ಬಂದಿದ್ದರೂ ಗೆಲ್ಲುತ್ತಿರಲಿಲ್ಲ. ಆದರೆ ಬಂದಿರಲಿಲ್ಲ ಎಂಬುದು ಆ ಕಟ್ಟು ನೋಡಿದರೇ ತಿಳಿಯುತ್ತಿತ್ತು. ಹೊರಗೆ ಗುಲಾಲು ಎರಚುತ್ತಿದ್ದ ಹುಡುಗರು ಅವನು ಬರುತ್ತಲೇ ದಾರಿ ಬಿಟ್ಟರು. ಒಬ್ಬ ಸೆಲ್ಯೂಟ್ ಹೊಡೆದ. ಅದು ಗೌರವವೋ ಕುಚೇಷ್ಟೆಯೋ ತಿಳಿಯದೆ ದುಂಡಪ್ಪನ ಕೈ ಅಭ್ಯಾಸದಿಂದ ಹಣೆಯವರೆಗೆ ಏರಿತು. ಹಿಂದಿನಿಂದ ನಗೆ ಕೇಳಿಸಿತು.

ಕೆಲವು ದಿನ ಬಿಟ್ಟು ಕೆಂಚವ್ವ ಬಂದಳು. ಅಂಗಳದಲ್ಲೇ ಕುಕ್ಕರಗಾಲಿನಲ್ಲಿ ಕೂತಳು.

"ನಿನಗ ಹಾಕಲಿಲ್ಲ ತಮ್ಮಾ. ಮಂದಿ ಬಾಯಾಗ ಕೇಳೂಕಿಂತ ನಾನಽ ಹೇಳಬೇಕಂತ ಬಂದೇನಿ."

"ಗೊತ್ತೈತಿ ಆಯಿ."

"ನೀ ಆರಿಸಿ ಬಂದಿದ್ರ ನಮ್ಮ ಸಲುವಾಗಿ ಬಡದಾಡ್ತಿದ್ದಿ. ಖರೆ. ಬಡದಾಡೂದು ಎಷ್ಟ ವರ್ಷ? ನಾ ಅಲ್ಲೀತನಕ ಇರತೇನೇನ? ಆ ಗೆರಿ ನನ್ನ ಕಾಲಬುಡಕ ಬಿದ್ದಿತ್ತು. ನೀ ನಿಂತಿದ್ದಕ್ಕ ಅವರು ಅಂಜಿ ಗೆರಿ ಹಾಕಿದ್ರು, ಅದೂ ನಮಗ ಗೊತ್ತಿತ್ತು. ಗೊತ್ತಿದ್ದೂ ಹಾಕಲಿಲ್ಲ."

ಅವಳು ಕ್ಷಮೆ ಕೇಳಲಿಲ್ಲ. ಕೇಳಿದ್ದರೆ ಕೊಡಲಾರೆ ಎನ್ನಬಹುದಿತ್ತು, ಅದಕ್ಕೂ ಎಡೆಯಿರಲಿಲ್ಲ. ದಾಕ್ಷಾಯಿಣಿ ಒಳಗಿನಿಂದ ಮುದುಕಿಗೆ ಚಹಾ ತಂದುಕೊಟ್ಟಳು. ದುಂಡಪ್ಪ ಎದ್ದು ಒಳಗೆ ಹೋದ.

ಮುಂದಿನ ಬೇಸಿಗೆಗೆ ಕೆಂಚವ್ವನ ಮನೆ ಎದ್ದಿತು. ಇಟ್ಟಿಗೆಯ ಗೋಡೆ, ಸಿಮೆಂಟಿನ ನೆಲ, ಬಾಗಿಲ ಮೇಲೆ ವಿಶಾಲನ ಹೆಸರಿನ ಕಲ್ಲು. ಹೊಸ ಮನೆ ಹೊಗುವ ಊಟಕ್ಕೆ ಕೆಂಚವ್ವ ತಾನೇ ಬಂದು ಕರೆದಳು. ದುಂಡಪ್ಪ ಹೋಗುವುದಿಲ್ಲ ಎಂದಿದ್ದವನು ದಾಕ್ಷಾಯಿಣಿ ಸೀರೆ ಉಟ್ಟು ನಿಂತದ್ದನ್ನು ನೋಡಿ ಹೊರಟ. ಎಲ್ಲರೂ ಚಾಪೆಯ ಮೇಲೆ ಕೂತಿದ್ದರು. ನೆಲಕ್ಕೆ ಕೂರಲಾರದ ಅವನಿಗೆ ಎಲ್ಲಿಂದಲೋ ಕುರ್ಚಿ ತಂದು ಹಾಕಿ ತಾಟನ್ನು ಸ್ಟೂಲಿನ ಮೇಲಿಟ್ಟರು. ಹೋಳಿಗೆಗೆ ತುಪ್ಪ ಹಾಕುತ್ತ ಕೆಂಚವ್ವ, "ಇನ್ನೊಂದ ತಿನ್ನ ತಮ್ಮಾ," ಎಂದಳು. ತಿಂದ. ಸಾಹುಕಾರರ ಕಡೆಯವರು ಎದುರಿಗೇ ಕೂತು ಉಣ್ಣುತ್ತಿದ್ದರು. ಯಾರೂ ಅವನನ್ನು ಅವಮಾನಿಸಲಿಲ್ಲ. ಬೆಳೆ ಹೇಗಿದೆ, ಕಾಲಿನ ಗಾಯ ಮಾಯಿತೇ ಎಂದು ಕೇಳಿದರು. ಅವನೊಬ್ಬ ಎದುರಾಳಿಯಾಗಿದ್ದ ಎಂಬುದನ್ನೂ ಅವರು ಮರೆತಿದ್ದರು, ಅದನ್ನು ಅವನಿಗೆ ತಡೆಯಲಾಗಲಿಲ್ಲ. ಕೈ ತೊಳೆದು ಬೇಗ ಎದ್ದ.

ಗೆರೆ ಹಾಕಿದ ಎಲ್ಲರಿಗೂ ಮನೆ ಬರಲಿಲ್ಲ. ಕೊನೆಯ ಸಾಲಿನ ಚೌಕಗಳಿಗೆ ಇಟ್ಟಿಗೆ ಬರುವ ಮೊದಲೇ ಚುನಾವಣೆ ಮುಗಿದಿತ್ತು. ಮಳೆಗೆ ಸುಣ್ಣ ತೊಳೆದುಹೋಯಿತು. ಆ ಸಾಲಿನ ಸುಂದ್ರವ್ವ, ಗಂಡ ಸತ್ತವಳು, ಒಂದು ಬೆಳಿಗ್ಗೆ ಬಂದು ಬಾಗಿಲಲ್ಲಿ ನಿಂತಳು.

"ಅಣ್ಣಾರ, ಮೂಡಲಗಿ ಕಚೇರಿಗೆ ಒಂದೀಟ ಬರ್ತೀರೇನ್ರಿ? ನನ್ನ ಯಾರೂ ಮಾತಾಡಸವಲ್ರು."

ದುಂಡಪ್ಪ ಕಟ್ಟುಗಾಲಿನ ಪಟ್ಟಿ ಬಿಗಿಯುತ್ತಿದ್ದ. ತಲೆ ಎತ್ತದೆ, "ಓಟ ಯಾರಿಗೆ ಹಾಕೀದಿ ಅವರ ಕಡೆ ಹೋಗು," ಎಂದ.

ಸುಂದ್ರವ್ವ ಹೋಗಲಿಲ್ಲ. ಬೇರೆ ಮಾತು ಬರಬಹುದೆಂದು ಕಾಯುತ್ತ ನಿಂತಳು. ಅವನು ಕೂರು ಎನ್ನಲಿಲ್ಲ. ಹಿಂದೆ ಹೊಳೆ ಬಂದ ದಿನ ಬೈದು ಎಬ್ಬಿಸಿದ್ದ ಗಂಟಲು ಅವನಿಗೆ ಈಗಲೂ ಇತ್ತು. ಅದನ್ನು ಅವಳಿಗಾಗಿ ಖರ್ಚು ಮಾಡುವ ಮನಸ್ಸು ಮಾತ್ರ ಇರಲಿಲ್ಲ. ಹಾಗಿರುವುದು ತನಗೇ ತಿಳಿದಿತ್ತು, ತಿಳಿದೂ ನಾಚಿಕೆಯಾಗಲಿಲ್ಲ.

ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ನಿಂತಿತು. ದಾಕ್ಷಾಯಿಣಿ ಕೈ ತೊಳೆದು, ಸೆರಗು ಸರಿಮಾಡಿ, ಗೂಟದ ಮೇಲಿನ ಚೀಲ ತೆಗೆದುಕೊಂಡು ಹೊರಗೆ ಬಂದಳು.

"ರೊಟ್ಟಿ ಬುಟ್ಟಿಯಾಗ ಅದಾವು. ಪಲ್ಯೆ ಬಿಸಿ ಮಾಡ್ಕೋರಿ," ಎಂದಳು ಗಂಡನಿಗೆ. ಸುಂದ್ರವ್ವನಿಗೆ, "ನಡಿಯವ್ವಾ, ಬಸ್ ತಪ್ಪತೈತಿ," ಎಂದಳು.

ಅಂದು ಸಂಜೆ ಬರಿಗೈಯಲ್ಲಿ ಬಂದರು. ಮುಂದಿನ ಸೋಮವಾರ ಮತ್ತೆ ಹೋದರು, ಅದರ ಮುಂದಿನ ಸೋಮವಾರವೂ ಹೋದರು. ಕಚೇರಿಯಲ್ಲಿ ಏನಾಯಿತೆಂದು ದುಂಡಪ್ಪ ಕೇಳುವುದಿಲ್ಲ. ದಾಕ್ಷಾಯಿಣಿ ಹೇಳುವುದೂ ಇಲ್ಲ. ಸೋಮವಾರ ಬೆಳಿಗ್ಗೆ ಅವಳು ಹೊರಟ ಮೇಲೆ ಅವನು ಒಲೆ ಹಚ್ಚಿ ಪಲ್ಯೆ ಬಿಸಿ ಮಾಡಿಕೊಂಡು, ಬಾಗಿಲಿಗೆ ಬೆನ್ನು ಮಾಡಿ ಕೂತು ಉಣ್ಣುತ್ತಾನೆ.